ಬಿಡುಗಡೆಯ ಸುದ್ದಿ ತರುತ್ತಿದ್ದವರು

ಟೈಪ್ ಮಾಡುವಾಗ ಅವರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಬಲಗೈಯ ತೋರುಬೆರಳೊಂದೇ ಕೀಲಿಗಳ ಮೇಲೆ ಇಳಿದು ಏಳುತ್ತಿತ್ತು. ಎಡಗೈ ಹಿಂದೆ, ಅಂಗಿಯ ಅಂಚನ್ನು ಹಿಡಿದುಕೊಂಡು, ತನಗೂ ಈ ಕೆಲಸಕ್ಕೂ ಸಂಬಂಧವಿಲ್ಲವೆಂಬಂತೆ ಇರುತ್ತಿತ್ತು. ಎರಡೂ ಕೈ ಬಳಸಿದರೆ ಬೇಗ ಆಗುತ್ತದೆ ಎಂದು ಒಮ್ಮೆ ಹೇಳಿದೆ.

"ಕೋರ್ಟಿನ್ಯಾಗ ನಿಂತು ನಿಂತು ಅದಕ್ಕ ಹಿಂದ ಇರೂದ ಚಟ ಆಗೇತ್ರಿ ಮೇಡಮ್ಮರ. ಈ ವಯಸ್ಸಿನ್ಯಾಗ ಅದಕ್ಕೂ ಹೊಸಾ ಕೆಲಸ ಎಲ್ಲಿ ಕಲಸ್ಲಿ? ಒಂದು ಕೈ ಕಲೀಲಿ, ಸಾಕು," ಎಂದರು.

ಅವರು ನಮ್ಮ ಪತ್ರಿಕೆಗೆ ಇಳಕಲ್ ಮತ್ತು ಹುನಗುಂದದ ಅರೆಕಾಲಿಕ ವರದಿಗಾರರಾಗಿದ್ದರು. ಬಾಗಲಕೋಟೆಯ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಅವರು ಕಾಕಾ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಉಪಸಂಪಾದಕಿಯಾಗಿ ಸೇರಿದಾಗ ಕಚೇರಿ ಹಳೆಯ ಊರಿನಿಂದ ನವನಗರಕ್ಕೆ ಬಂದು ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ತಾಲ್ಲೂಕುಗಳ ಸುದ್ದಿ ಆಗ ಬಸ್ಸಿನಲ್ಲಿ ಬರುತ್ತಿತ್ತು. ವರದಿಗಾರರು ಬರೆದದ್ದನ್ನು ಕವರಿನಲ್ಲಿ ಹಾಕಿ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮವರು ನಿಲ್ದಾಣಕ್ಕೆ ಹೋಗಿ ತರುತ್ತಿದ್ದರು. ಕಾಕಾ ಅವರ ಕವರನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬಹುದಿತ್ತು. ಅವರದು ನೇಕಾರರ ಮನೆ. ಮಗ್ಗದ ಹಾಸಿನ ನೂಲಿಗೆ ಹಚ್ಚುವ ಗಂಜಿಯಿಂದಲೇ ಕವರು ಅಂಟಿಸುತ್ತಿದ್ದರು. ಇಳಕಲ್ಲಿನಿಂದ ಬರುವಷ್ಟರಲ್ಲಿ ಅದಕ್ಕೆ ಹುಳಿ ವಾಸನೆ ಬಂದಿರುತ್ತಿತ್ತು. ನಾನು ಅವರ ಮುಖ ನೋಡುವ ಮೊದಲು ಆ ವಾಸನೆಯನ್ನು ಬಲ್ಲೆ.

ಕವರಿನಲ್ಲಿ ಎಲ್ಲರೂ ಕಳಿಸುವಂಥದ್ದು ಇರುತ್ತಿತ್ತು. ಹುನಗುಂದದ ಸಂತೆ, ಗುಡೂರಿನ ನೀರಿನ ಟ್ಯಾಂಕು, ನೇಕಾರರ ಸಂಘದ ಸಭೆ. ಅವುಗಳ ಅಡಿಯಲ್ಲಿ, ಕೊನೆಯ ಹಾಳೆಯಲ್ಲಿ, ಬೇರೆ ಯಾರೂ ಕಳಿಸದ ಒಂದು ಸುದ್ದಿ ಇರುತ್ತಿತ್ತು. ಇಂಥ ಪ್ರಕರಣದಲ್ಲಿ ಬಂಧಿತನಾಗಿದ್ದ ಇಂಥವನನ್ನು ಹುನಗುಂದದ ನ್ಯಾಯಾಲಯ ನಿರ್ದೋಷಿಯೆಂದು ಬಿಡುಗಡೆ ಮಾಡಿದೆ.

ಮುಖ್ಯ ವರದಿಗಾರರು ಆ ಹಾಳೆ ಎತ್ತಿ ತೋರಿಸಿ ನಗುತ್ತಿದ್ದರು. "ಬಂತು ನೋಡ್ರಿ. ಕಾಕಾ ಇವತ್ತೂ ಒಬ್ಬನ್ನ ಜೇಲಿನಿಂದ ಹೊರಗ ತಗದಾರ."

ತಾವು ಯಾರ ಬಂಧನದ ಸುದ್ದಿ ಬರೆದಿದ್ದರೋ ಅವರ ಬಿಡುಗಡೆಯನ್ನೂ ತಾವೇ ಬರೆಯಬೇಕು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ನೇಮ. ತೀರ್ಪು ಬರುವ ದಿನ ಇಳಕಲ್ಲಿನಿಂದ ಹುನಗುಂದಕ್ಕೆ ಹೋಗಿ ಕೋರ್ಟಿನ ಗೋಡೆಗೆ ಒರಗಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಆರೋಪಿಗಳ ಪೈಕಿ ಇವರೂ ಒಬ್ಬರೆಂದು ತಿಳಿದು ಹೊಸದಾಗಿ ಬಂದ ಪೇದೆಯೊಬ್ಬ ಇವರನ್ನೇ ಕಟಕಟೆಯ ಕಡೆ ದೂಡಿದ್ದನಂತೆ. ಅದನ್ನು ಹೇಳಿ ತಾವೇ ನಗುತ್ತಿದ್ದರು.

"ಹಿಡದ ಸುದ್ದಿ ಪೊಲೀಸರು ತಾವ ತಂದು ಕೊಡ್ತಾರ್ರಿ ಮೇಡಮ್ಮರ," ಎಂದು ಒಮ್ಮೆ ನನಗೆ ಹೇಳಿದರು. "ಬಿಟ್ಟ ಸುದ್ದಿ ಯಾರೂ ತರೂದಿಲ್ಲ. ನಾವ ಹೋಗಿ ತರಬೇಕು."

ತಂದದ್ದು ಅಚ್ಚಾಗುತ್ತಿತ್ತು ಎಂದಲ್ಲ. ಬಂಧನಕ್ಕೆ ನಮ್ಮಲ್ಲಿ ಯಾವಾಗಲೂ ಜಾಗವಿರುತ್ತಿತ್ತು. ಬಿಡುಗಡೆಯ ಹಾಳೆ ಮೇಜಿನಿಂದ ಮೇಜಿಗೆ ಹೋಗಿ, ಕೊನೆಗೆ ಒಂದು ಜಾಹೀರಾತು ಬಂದು, ನಾಳೆ ನೋಡೋಣ ಎಂದು ಉಳಿಯುತ್ತಿತ್ತು. ಬನಶಂಕರಿ ಜಾತ್ರೆಯ ವಾರದಲ್ಲಂತೂ ಶುಭಾಶಯಗಳೇ ಪುಟ ತುಂಬುತ್ತಿದ್ದವು. ಆಗೀಗ ಒಂದು ಬಿಡುಗಡೆ ಅಚ್ಚಾದರೆ ಕಾಕಾ ಫೋನ್ ಮಾಡುತ್ತಿದ್ದರು. ಧನ್ಯವಾದ ಹೇಳುತ್ತಿರಲಿಲ್ಲ. "ಬಂದೈತಿ, ನೋಡಿದೆ," ಎನ್ನುತ್ತಿದ್ದರು, ಅಷ್ಟೇ.

ಅವರಲ್ಲಿ ಇನ್ನೊಂದು ನೇಮವಿತ್ತು. ಅಪರಾಧ ಸುದ್ದಿಯಲ್ಲಿ ಬರಿಯ ಹೆಸರು ಬರೆಯುತ್ತಿರಲಿಲ್ಲ. ತಂದೆಯ ಹೆಸರು, ಓಣಿಯ ಹೆಸರು ಎರಡೂ ಇರಲೇಬೇಕು. ಜಾಗ ಉಳಿಸಲು ನಾನು ಅವನ್ನು ತೆಗೆದರೆ ಮರುದಿನ ಬೇಸರಿಸುತ್ತಿದ್ದರು. "ಇಳಕಲ್ಲಿನ್ಯಾಗ ಬಸವರಾಜ ಅಂತ ಕೂಗಿದ್ರ ಅರ್ಧ ಓಣಿ ತಿರುಗಿ ನೋಡತೈತಿ. ಯಾವ ಬಸವರಾಜ ಅಂತ ಬರೀಲಿಲ್ಲಂದ್ರ ಉಳದ ಬಸವರಾಜರ ಗತಿ ಏನ್ರಿ? ಅವರೂ ಹೆಣ್ಣು ಕೇಳಾಕ ಹೋಗಬೇಕೋ ಬ್ಯಾಡೋ?" ಆ ಮಾತು ನನಗೆ ಸರಿಯೆನಿಸಿ ನಾನು ತೆಗೆಯುವುದನ್ನು ಬಿಟ್ಟೆ.

ಮುಂದೆ ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ಕೈಬರಹ ಸ್ವೀಕರಿಸುವುದಿಲ್ಲವೆಂದು ಆಜ್ಞೆ ಬಂತು. ಇಮೇಲ್ ಮಾತ್ರ. ಬಹಳ ಮಂದಿ ಹಿರಿಯ ವರದಿಗಾರರು ಅಲ್ಲಿಗೇ ನಿಲ್ಲಿಸಿದರು. ಕಾಕಾ ಇಳಕಲ್ಲಿನ ಒಂದು ಸೈಬರ್ ಅಂಗಡಿಗೆ ಹೋಗಿ ಕಲಿತರು. ಅಂಗಡಿಯವರು ನಲವತ್ತರ ಹತ್ತಿರದವರು. ಅವರ ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದವರು, ಕಾಕಾ ಅವರ ಮನೆಯ ನೂಲು ಅವರಲ್ಲಿಗೇ ಹೋಗುತ್ತಿತ್ತಂತೆ. ಕಾಕಾ ಬಾಗಲಕೋಟೆಗೆ ಬಂದಾಗ ಉಳಿದದ್ದನ್ನು ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದರು. ಅರ್ಧ ಟೈಪ್ ಮಾಡಿದ್ದು ಅಳಿಸಿಹೋದರೆ ಸಿಟ್ಟಾಗುತ್ತಿರಲಿಲ್ಲ. ಹರಿದ ಎಳೆ ಹುಡುಕುವವರಂತೆ ಪರದೆಯ ಹತ್ತಿರ ಬಾಗಿ, "ಎಲ್ಲಿ ಹೋತಿದು?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಆ ವರ್ಷಗಳಲ್ಲಿ ಬಾದಾಮಿಯಲ್ಲಿ ಜಿಲ್ಲೆಯ ವರದಿಗಾರರಿಗೆಲ್ಲ ಒಂದು ತರಬೇತಿ ಇಟ್ಟಿದ್ದರು. ಬೆಂಗಳೂರಿನಿಂದ ಬಂದವರೊಬ್ಬರು ಪತ್ರಿಕೆಯ ಜಾಲತಾಣದ ಬಗ್ಗೆ ಮಾತಾಡಿದರು. ಇನ್ನು ಮುಂದೆ ಸುದ್ದಿ ಬೆಳಗಿಗಾಗಿ ಕಾಯುವುದಿಲ್ಲ, ಎಂಟು ಕಾಲಂಗಳ ಹಂಗಿಲ್ಲ, ಜಾಗದ ಮಿತಿಯೇ ಇಲ್ಲ ಎಂದರು. ಹೊರಗೆ ಮಂಗಗಳು ಯಾರದೋ ಊಟದ ಡಬ್ಬಿ ಎತ್ತಿಕೊಂಡು ಹೋಗಿದ್ದರಿಂದ ಅರ್ಧ ಸಭೆಯ ಗಮನ ಕಿಟಕಿಯ ಕಡೆಗಿತ್ತು. ಹಿಂದಿನ ಸಾಲಿನಿಂದ ಕಾಕಾ ಎದ್ದು ನಿಂತರು.

"ಜಾಗಾ ಇಲ್ಲ ಅನ್ನೂ ಮಾತ ಇರೂದಿಲ್ಲಂತೀರೇನ್ರಿ?"

"ಇರೋದಿಲ್ಲ ಸರ್."

"ಹಂಗಾರ ಹಳೇವೂ ಹಾಕಬಹುದೇನ್ರಿ?"

"ಯಾವ ಹಳೆಯವು?"

"ಜಾಗಾ ಇಲ್ಲಂತ ಉಳದಾವಲ್ರಿ, ಅವು."

ಸಭೆ ನಕ್ಕಿತು. ಬೆಂಗಳೂರಿನವರೂ ಸಭ್ಯವಾಗಿ ನಕ್ಕು ಮುಂದಿನ ವಿಷಯಕ್ಕೆ ಹೋದರು. ಕಾಕಾ ಕೂರಲಿಲ್ಲ. ಉತ್ತರ ಇನ್ನೂ ಬರಲಿಕ್ಕಿದೆ ಎಂಬಂತೆ ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದರು. ಅಲ್ಲಿದ್ದವರಲ್ಲಿ ಜಾಲತಾಣದಿಂದ ತನಗೇನು ಬೇಕೆಂದು ತಿಳಿದಿದ್ದವರು ಅವರೊಬ್ಬರೇ ಎಂದು ಈಗ ಅನಿಸುತ್ತದೆ. ಉಳಿದ ನಮಗೆ ಅದು ಇನ್ನೊಂದು ಕೆಲಸವಾಗಿತ್ತು. ಸಂಬಳ ಅದೇ, ಪುಟಗಳು ಅವೇ, ಅವುಗಳ ಮೇಲೆ ಇದೊಂದು.

ನನ್ನ ಪಾಲಿಗೆ ಬಂದದ್ದು ಹಳೆಯ ಪುಟಗಳು. ನಮ್ಮ ಹಿಂದಿನ ವರ್ಷಗಳ ಸುದ್ದಿಯೆಲ್ಲ ಸಿ.ಡಿ.ಗಳಲ್ಲಿತ್ತು. ಆ ಕಾಲದ ಕನ್ನಡ ಅಕ್ಷರಗಳನ್ನು ಹೊರಗಿನ ಕಂಪ್ಯೂಟರುಗಳು ಓದುತ್ತಿರಲಿಲ್ಲ, ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಅವನ್ನು ಯೂನಿಕೋಡ್‌ಗೆ ಬದಲಾಯಿಸಿ ಜಾಲತಾಣಕ್ಕೆ ಏರಿಸಬೇಕು. ಬದಲಾಯಿಸುವ ತಂತ್ರಾಂಶ ಒತ್ತಕ್ಷರಗಳನ್ನು ಕೆಡಿಸುತ್ತಿತ್ತು; ಒಂದೊಂದನ್ನೂ ಕೈಯಿಂದ ತಿದ್ದಬೇಕಾಗುತ್ತಿತ್ತು. ತಿಂಗಳುಗಟ್ಟಲೆ ಅದನ್ನೇ ಮಾಡಿದೆ. ಕಣ್ಣು ಉರಿಯುತ್ತಿತ್ತು. ಸತ್ತವರು, ಸೋತವರು, ವರ್ಗವಾಗಿ ಹೋದ ತಹಶೀಲ್ದಾರರು ಒಬ್ಬೊಬ್ಬರಾಗಿ ಎದ್ದು ಮೇಲೆ ಹೋದರು. ಒಂದು ದಿನದ ಆಯುಷ್ಯವೆಂದು ಬರೆದ ಮಾತುಗಳೆಲ್ಲ ಹೆಸರು ಕೊಟ್ಟ ಕ್ಷಣಕ್ಕೆ ಎದುರಿಗೆ ಬಂದು ನಿಲ್ಲುವ ಹಾಗಾದವು.

ಆ ಕೆಲಸ ಮುಗಿದು ಒಂದು ಮಳೆಗಾಲ ಕಳೆದಿತ್ತು. ಒಂದು ಮಧ್ಯಾಹ್ನ ಕಾಕಾ ಯಾರನ್ನೋ ಜೊತೆಗೆ ಕರೆದುಕೊಂಡು ಬಂದರು. ನಲವತ್ತರೊಳಗಿನ ಆ ಮನುಷ್ಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಕಾಕಾ ನನ್ನ ಪಕ್ಕ ಕುಳಿತರು. ಅಂದು ಮೊದಲ ಸಲ ಮೇಡಮ್ಮರ ಎನ್ನಲಿಲ್ಲ.

"ಯವ್ವಾ, ಅದರಾಗ ಒಂದು ಹೆಸರ ಹಾಕು."

ಹೆಸರು, ತಂದೆಯ ಹೆಸರು, ಇಳಕಲ್ಲಿನ ಓಣಿಯ ಹೆಸರು ಹೇಳಿದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಈವರೆಗೆ ಎರಡು ಸಲ ಅಚ್ಚಾಗಿವೆ, ಅಷ್ಟು ಸಾಕು. ಕಾಕಾ ಅವರ ಹೆಸರನ್ನೂ ಅದೇ ಕಾರಣಕ್ಕೆ ಬರೆಯುತ್ತಿಲ್ಲ, ಅದು ಸಿಕ್ಕರೆ ಇದೂ ಸಿಗುತ್ತದೆ.

ಒಂದೇ ಸುದ್ದಿ ಬಂತು. ರೇಷ್ಮೆ ಕಳವು: ನೇಕಾರನ ಬಂಧನ.

"ಯಾರು ಬರದದ್ದು?" ಎಂದರು ಕಾಕಾ.

ನಾನು ಸುದ್ದಿಯನ್ನು ಪೂರ್ತಿ ತೆರೆದೆ.

"ನಾನ. ತಂದಿ ಹೆಸರ ಹಾಕಿ, ಓಣಿ ಹೆಸರ ಹಾಕಿ. ಮಂದಿಗೆ ತ್ರಾಸ ಆಗಬಾರದಂತ ಬರದೆ. ಇಂವಗ ತಪ್ಪದ ತ್ರಾಸ ಆಗೂವಂಗ ಬರದೇನಿ."

ಬಾಗಿಲಲ್ಲಿದ್ದವನು ತಲೆ ಎತ್ತಲಿಲ್ಲ. ಕಾಕಾ ಹೇಳುತ್ತ ಹೋದರು. ಕಳವಿಗೂ ಅವನಿಗೂ ಸಂಬಂಧವಿರಲಿಲ್ಲ. ಎರಡು ವರ್ಷದ ಮೇಲೆ ಕೋರ್ಟು ಬಿಡುಗಡೆ ಮಾಡಿತು. ಕಾಕಾ ಅದನ್ನೂ ಬರೆದು ಕಳಿಸಿದ್ದರು. ಅದು ನಮ್ಮಲ್ಲಿ ಯಾವ ಮೇಜಿನ ಮೇಲೆ ಉಳಿಯಿತೋ ಈಗ ಹೇಳಲು ಬಾರದು. ಇಳಕಲ್ಲಿನಲ್ಲಿ ಅವನ ಕೈಗೆ ರೇಷ್ಮೆ ಕೊಡಲು ಯಾರೂ ಮುಂದೆ ಬರಲಿಲ್ಲ. ನಮ್ಮ ಕಡೆ ಸಾವ್ಕಾರ ನೂಲು ಕೊಡಬೇಕು, ನೇಕಾರ ಮನೆಗೊಯ್ದು ನೇಯ್ದು ತರಬೇಕು. ನಡುವೆ ಇರುವುದು ನಂಬಿಕೆಯೊಂದೇ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಳೇದಗುಡ್ಡಕ್ಕೆ ಹೋದ. ಅಲ್ಲಿ ಕುಬಸದ ಖಣ, ಎಂದರೆ ರವಿಕೆಯ ಬಟ್ಟೆ, ನೇಯುತ್ತ ಕೆಲವು ವರ್ಷ ಯಾರ ಬಾಯಿಗೂ ಬೀಳದೆ ಬದುಕಿದ್ದ. ಹೋದ ತಿಂಗಳು ಅಲ್ಲಿನ ಸಾವ್ಕಾರರ ಅಳಿಯ ಹೊಸ ಕಂಪ್ಯೂಟರ್ ತಂದು, ಅಂಗಡಿಗೆ ಬರುವವರ ಹೆಸರುಗಳನ್ನೆಲ್ಲ ತಮಾಷೆಗೆ ಹಾಕಿ ನೋಡಿದ್ದಾನೆ.

"ತೀರ್ಪಿನ ನಕಲು ತೋರಿಸಲಿಲ್ಲೇನು?" ಎಂದು ನಾನು ಅವನನ್ನು ಕೇಳಿದೆ.

"ತೋರಿಸಿದ್ನಿರಿ ಅಕ್ಕಾರ. ಕೋರ್ಟ್ ಕಾಗದ ವಕೀಲರು ಹ್ಯಾಂಗ ಬೇಕಾದ್ರೂ ಮಾಡಿಸಿ ಕೊಡ್ತಾರ ಅಂದ್ರು. ಹಿಡದದ್ದು ಪೇಪರಿನ್ಯಾಗ ಐತಿ, ಬಿಟ್ಟದ್ದು ಖರೆ ಇದ್ರ ಅದೂ ಇರಬೇಕಲ್ಲ, ಎಲ್ಲೈತಿ ತೋರ್ಸು ಅಂದ್ರು. ದೀಪಾವಳಿ ತನಕ ಟೈಮ್ ಕೊಟ್ಟಾರ್ರಿ. ಆಮ್ಯಾಲ ಮಗ್ಗದ ಮ್ಯಾಲಿಂದು ಇಳಿಸಿ ಕೊಟ್ಟು ಹೋಗು ಅಂದಾರ."

ಅವನೇ ಮುಂದುವರಿಸಿದ. "ಮತ್ತ ಬರಿಯೂದೇನೂ ಬ್ಯಾಡ್ರಿ. ಅದೊಂದು ಅಳಿಸಿಬಿಡ್ರಿ."

"ಅಳಿಸಿದ್ರ ಅವರು ನೋಡಿದ್ದು ಅಳಸತೈತೇನಲೇ?" ಎಂದರು ಕಾಕಾ.

ಅಂದೇ ಹುಬ್ಬಳ್ಳಿಗೆ ಬರೆದೆ. ಉತ್ತರ ಬೇಗ ಬಂತು, ಚಿಕ್ಕದಾಗಿತ್ತು. ಮುದ್ರಿತವಾದದ್ದನ್ನು ತೆಗೆಯುವಂತಿಲ್ಲ, ಮುದ್ರಿತವಾಗದ್ದನ್ನು ಸೇರಿಸುವಂತಿಲ್ಲ. ಹಾಗಾದರೆ ಈಗಲಾದರೂ ಮುದ್ರಿಸೋಣ ಎಂದು ಮುಖ್ಯ ವರದಿಗಾರರನ್ನು ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಆ ಹೊತ್ತಿನಲ್ಲಿ ಮೂರು ಫೋನುಗಳ ನಡುವೆ ಕುಳಿತಿದ್ದರು, ಟಿ.ವಿ.ಯಲ್ಲಿ ಆಗಲೇ ಬಂದ ಸುದ್ದಿ ನಮ್ಮ ಜಾಲತಾಣದಲ್ಲಿ ಯಾಕಿಲ್ಲ ಎಂದು ಹುಬ್ಬಳ್ಳಿಯವರು ಅವರನ್ನು ಬೈಯುತ್ತಿದ್ದರು.

"ಹಳೇ ತೀರ್ಪು ಇವತ್ತಿನ ಸುದ್ದಿ ಹ್ಯಾಂಗಾಗತೈತಿ, ನೀವ ಹೇಳ್ರಿ. ಇದೊಂದು ಹಾಕಿದ್ರ ನಾಳೆ ಇಡೀ ಜಿಲ್ಲೆ ಬಂದು ನಿಂದರತೈತಿ."

"ಬಂದು ನಿಂತರೆ ತಪ್ಪೇನು ಸರ್?"

"ತಪ್ಪಿಲ್ರಿ," ಎಂದರು ಅವರು ದಣಿದ ದನಿಯಲ್ಲಿ. "ಅಷ್ಟು ಮಾಡಾಕ ನಮ್ಮಲ್ಲಿ ಮಂದಿ ಇಲ್ಲ."

ಕಾಕಾ ವಾದ ಮಾಡಲಿಲ್ಲ. ಸೋಮವಾರ ಅವರ ಇಮೇಲ್ ಬಂತು: ಬಿಡುಗಡೆಯ ಸುದ್ದಿ, ಹೊಸದಾಗಿ ಬರೆದದ್ದು, ನಾಲ್ಕು ಪ್ಯಾರಾ. ಮುಂದಿನ ಸೋಮವಾರ ಮತ್ತೆ ಬಂತು, ಮೂರು ಪ್ಯಾರಾ. ಕೆಳಗೊಂದು ಟಿಪ್ಪಣಿ: ಜಾಗಾ ಕಡಿಮಿ ಇದ್ರ ಇಷ್ಟ ಹಾಕ್ರಿ. ಪ್ರತಿ ವಾರ ಅದು ಸಣ್ಣದಾಗುತ್ತ ಹೋಯಿತು. ನಡುವೆ ಇಳಕಲ್ಲಿಗೆ ಹೊಸ ವರದಿಗಾರ ಬಂದ. ಮೊಬೈಲಿನಲ್ಲೇ ಫೋಟೋ ತೆಗೆದು ಘಟನೆ ನಡೆಯುತ್ತಿರುವಾಗಲೇ ಕಳಿಸುವ ಚುರುಕು ಅವನದು. ಕಾಕಾ ಅವರಿಗೆ ಇನ್ನು ಸುದ್ದಿ ಕಳಿಸುವುದು ಬೇಡವೆಂದು ಹುಬ್ಬಳ್ಳಿಯಿಂದ ತಿಳಿಸಲಾಯಿತು. ಸೋಮವಾರದ ಇಮೇಲ್ ಮಾತ್ರ ನಿಲ್ಲಲಿಲ್ಲ.

ಆ ದಿನಗಳಲ್ಲಿ ಒಮ್ಮೆ ಅವರಿಗೆ ಫೋನ್ ಮಾಡಿ, ಇಷ್ಟು ಸಲ ಕಳಿಸಿ ಉಪಯೋಗವಿಲ್ಲ ಎಂದು ಹೇಳಲು ಪ್ರಯತ್ನಿಸಿದೆ.

"ನಿನಗ ತ್ರಾಸ ಆಗತೈತೇನವಾ?"

"ನನಗಲ್ಲ ಕಾಕಾ. ನಿಮಗ."

"ನನಗ ಬ್ಯಾರೆ ಏನೈತಿ ಈಗ? ಆದ್ರ ದೀಪಾವಳಿ ಹತ್ರ ಬಂತು ನೋಡು," ಎಂದರು. ದನಿಯಲ್ಲಿ ಉಸಿರು ಸಾಲುತ್ತಿರಲಿಲ್ಲ.

ದೀಪಾವಳಿಗೆ ಇನ್ನೂ ಕೆಲವು ದಿನಗಳಿದ್ದವು. ಬೆಳಿಗ್ಗೆ ಸೈಬರ್ ಅಂಗಡಿಯವರು ಫೋನ್ ಮಾಡಿದರು. ಕಾಕಾ ಬೆಳಗಿನ ಜಾವ ಮನೆಯಲ್ಲೇ ತೀರಿಕೊಂಡಿದ್ದರು, ಎದೆನೋವು. ನಾನು ಇಳಕಲ್ಲಿಗೆ ಹೋದೆ. ಮನೆಯ ಮುಂದೆ ಜನ ಕೂತಿದ್ದರು, ಪಕ್ಕದ ಮನೆಗಳ ಮಗ್ಗಗಳು ನಿಂತಿದ್ದವು. ಅಷ್ಟು ಮೌನವಾದ ಓಣಿಯನ್ನು ನಾನು ಆ ಊರಿನಲ್ಲಿ ನೋಡಿರಲಿಲ್ಲ. ನನ್ನ ಪಕ್ಕ ನಿಂತಿದ್ದ ಸೈಬರ್ ಅಂಗಡಿಯವರು ಮೆಲ್ಲಗೆ ಹೇಳಿದರು.

"ಸೋಮವಾರ ಅಂಗಡಿಗೆ ಬಂದಿದ್ರು ಮೇಡಮ್ಮರ. ಒಂದ ಒಂದು ಸಾಲು ಹೊಡದ್ರು. ಹೆಸರಿನ್ಯಾಗ ತಪ್ಪಾಗಬಾರದು, ನೀ ಓದು ಅಂದ್ರು. ಓದಿದೆ. ಮತ್ತೊಮ್ಮೆ ಓದು ಅಂದ್ರು. ಕಾಕಾ, ಒಂದು ಸಾಲು ಎಷ್ಟು ಸಲ ಓದ್ಲಿ ಅಂತ ನಕ್ಕೆ ನೋಡ್ರಿ. ನಗಬಾರದಿತ್ತು."

ಸಂಜೆ ಕಚೇರಿಗೆ ಮರಳಿದಾಗ ಮುಖ್ಯ ವರದಿಗಾರರು ಕಾಯುತ್ತಿದ್ದರು. "ಭಾಳ ವರ್ಷ ದುಡದಾರ್ರಿ. ಚೊಲೋತ್ನ್ಯಾಗ ಒಂದು ಬರೀರಿ, ಫೋಟೋ ಹಾಕೂಣು," ಎಂದರು. ಬರೆದೆ. ಎಷ್ಟು ಕಾಲ ದುಡಿದರು, ಯಾರನ್ನು ಅಗಲಿದರು, ಅಂತ್ಯಕ್ರಿಯೆ ಎಲ್ಲಾಯಿತು. ಎಲ್ಲ ನಿಧನ ವಾರ್ತೆಗಳಲ್ಲಿ ಇರುವುದೇ. ಆಮೇಲೆ ಸೋಮವಾರದ ಇಮೇಲ್ ತೆರೆದೆ. ಅದರಲ್ಲಿದ್ದ ಒಂದೇ ಸಾಲನ್ನು, ಒಂದಕ್ಷರ ಬದಲಿಸದೆ, ಕೊನೆಯಲ್ಲಿ ಸೇರಿಸಿದೆ. ಅವರು ಕಳಿಸಿದ ಕೊನೆಯ ವರದಿ: ರೇಷ್ಮೆ ಕಳವಿನ ಪ್ರಕರಣದಲ್ಲಿ ಬಂಧಿತರಾಗಿದ್ದ ಇಳಕಲ್ಲಿನ ಇಂಥ ಓಣಿಯ, ಇಂಥವರ ಮಗ ಇಂಥವರನ್ನು ಹುನಗುಂದದ ನ್ಯಾಯಾಲಯವು ನಿರ್ದೋಷಿಯೆಂದು ಬಿಡುಗಡೆ ಮಾಡಿದೆ.

ಮುಖ್ಯ ವರದಿಗಾರರು ಓದಿ, ಕೊನೆಯ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸತ್ತ ಮ್ಯಾಲೂ ಬಿಡಲಿಲ್ಲಲ್ಲ ಕಾಕಾ," ಎಂದರು. ಪುಟಕ್ಕೆ ಕಳಿಸಿರಿ ಎಂಬಂತೆ ಕೈ ಮಾಡಿದರು.

ಮರುದಿನ ಬೆಳಿಗ್ಗೆ ಬೇರೆ ಯಾರೂ ಬರುವ ಮೊದಲೇ ಕಚೇರಿಗೆ ಹೋದೆ. ಜಿಲ್ಲಾ ಪುಟದಿಂದ ಅವರ ನಿಧನ ವಾರ್ತೆಯನ್ನೇ ಮೊದಲು ಜಾಲತಾಣಕ್ಕೆ ಏರಿಸಿದೆ. ಮುದ್ರಿತವಾದದ್ದು, ಏರಿಸಲು ಯಾರ ಅಡ್ಡಿಯೂ ಇರಲಿಲ್ಲ. ನಂತರ ನೇಕಾರನ ಹೆಸರು, ತಂದೆಯ ಹೆಸರು, ಓಣಿಯ ಹೆಸರು ಹಾಕಿ ಹುಡುಕಿದೆ. ಎರಡು ಬಂದವು. ಹಳೆಯದೇ ಮೇಲಿತ್ತು, ಹೊಸದು ಕೆಳಗಿತ್ತು. ಅದರ ಕ್ರಮ ನನ್ನ ಕೈಯಲ್ಲಿರಲಿಲ್ಲ. ಹಳೆಯದರ ಅಡಿಯಲ್ಲಿ ‘ಇದನ್ನೂ ಓದಿ’ ಎಂದು ಹಾಕಿ ಹೊಸದನ್ನು ಜೋಡಿಸಿದೆ. ಆಮೇಲೆ ಗುಳೇದಗುಡ್ಡದ ಅವನ ಮನೆಗೆ ಫೋನ್ ಮಾಡಿದೆ. ಮಗ್ಗದ ಸಪ್ಪಳ ಕೇಳಿಸುತ್ತಿತ್ತು; ನನ್ನ ಹೆಸರು ಹೇಳಿದೊಡನೆ ನಿಂತಿತು.

"ಪೇಪರಿನ್ಯಾಗ ಬಂದೈತಂತಲ್ರಿ ಅಕ್ಕಾರ! ಈಗ ಸಾವ್ಕಾರ್ರು ಹೇಳಿ ಕಳಿಸಿದ್ರು, ನೂಲು ಒಯ್ಯಾಕ ಬಾ ಅಂತ. ನಾ ಇನ್ನೂ ನೋಡಿಲ್ರಿ. ಖರೇನ ಬಂದೈತೇನ್ರಿ?"

"ಖರೇನ ಬಂದೈತ್ರಿ."

"ಕಾಕಾರು ಹಾಕಿಸಿದ್ರೇನು?"

"ಹೌದ್ರಿ. ಅವರ ಹಾಕಿಸಿದ್ರು."

"ನಾಳೆ ಇಳಕಲ್ಲಿಗೆ ಹೋಗಿ ಅವರಿಗೆ ಹೇಳಿ ಬರ್ತೇನಿ. ಖಣ ಒಂದು ಒಯ್ತೇನಿ, ಅವರ ಮನಿಯವರಿಗೆ."

ಮೊದಲು ಪೇಪರ್ ತರಿಸಿ ಆ ಸುದ್ದಿಯನ್ನು ಮೇಲಿನಿಂದ ಕೊನೆಯ ತನಕ ಓದಿರಿ ಎಂದು ಹೇಳಿ ಫೋನ್ ಇಟ್ಟೆ. ಉಳಿದ ಪುಟಗಳು ಹಾಗೇ ಇದ್ದವು. ಒಂದೊಂದಾಗಿ ಏರಿಸತೊಡಗಿದೆ.